ಬೆಟ್ಟದ ಒರತೆಗೂ ಒಂದು ಲೆಕ್ಕದ ಪುಸ್ತಕ ಬೇಕು: ಶಿವಮೊಗ್ಗ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಅಂತರ್ಜಲ ಸಮಿತಿಯವರು,
ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯತ್,
ಶಿವಮೊಗ್ಗ.

ಮಾನ್ಯರೇ,

ಸಾಗರ ತಾಲ್ಲೂಕಿನ ಪಶ್ಚಿಮದ ಅಂಚಿನ ಒಂದು ಹಳ್ಳಿಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟವನ್ನೂ ಒಂದಿಷ್ಟು ಗದ್ದೆಯನ್ನೂ ನಂಬಿಕೊಂಡು ಬದುಕುತ್ತಿರುವ ನಾನು ಈ ಪತ್ರವನ್ನು ಕಚೇರಿಯ ಟಪಾಲಿಗೆ ಹಾಕದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದರಲ್ಲಿ ತಮಗೆ ಹೇಳಬೇಕಾದ ಮಾತು ಎಷ್ಟಿದೆಯೋ ನನ್ನ ನೆರೆಹೊರೆಯವರಿಗೂ ನನಗೂ ಹೇಳಿಕೊಳ್ಳಬೇಕಾದ ಮಾತು ಅಷ್ಟೇ ಇದೆ. ಅರ್ಜಿಯಾಗಿ ಕೊಟ್ಟರೆ ಅದಕ್ಕೊಂದು ಸಂಖ್ಯೆ ಬಿದ್ದು, ಆ ಎರಡನೆಯ ಅರ್ಧ ಕಡತದೊಳಗೇ ಉಳಿದುಬಿಡುತ್ತದೆ.

ನಮ್ಮ ಮನೆಗೆ ತಲೆಮಾರುಗಳಿಂದ ನೀರು ಬರುತ್ತಿದ್ದುದು ಅಬ್ಬಿಯಿಂದ. ಮನೆಯ ಹಿಂದಿನ ಗುಡ್ಡದಲ್ಲಿ, ಜಂಬಿಟ್ಟಿಗೆ ಕಲ್ಲಿನ ಬುಡದಲ್ಲಿ ಹುಟ್ಟುವ ಒರತೆಯ ನೀರನ್ನು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹಾಯಿಸಿ ಹಿತ್ತಿಲಿನ ಕಲ್ಲುಬಾನಿಗೆ ಬೀಳಿಸಿಕೊಳ್ಳುತ್ತಿದ್ದೆವು. ನಾನು ಕಾಲೇಜು ಮುಗಿಸಿ ಬರುವ ಹೊತ್ತಿಗೆ ದಬ್ಬೆಯ ಜಾಗಕ್ಕೆ ಕರಿಯ ಪೈಪು ಬಂದಿತ್ತು, ನೀರು ಮಾತ್ರ ಅದೇ. ಹಗಲು ರಾತ್ರಿ ಬಾನಿಗೆ ನೀರು ಬೀಳುವ ಸದ್ದಿಗೆ ನಾವೆಷ್ಟು ಒಗ್ಗಿಹೋಗಿದ್ದೆವೆಂದರೆ ಅದು ನಮಗೆ ಕೇಳಿಸುತ್ತಲೇ ಇರಲಿಲ್ಲ. 2024ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಆ ಸದ್ದು ನಿಂತದ್ದನ್ನು ಮೊದಲು ಗಮನಿಸಿದವರು ಎಂಬತ್ತು ದಾಟಿದ, ಕಿವಿ ಕೊಂಚ ಮಂದವಾಗಿರುವ ನನ್ನ ಅಮ್ಮ. ಆ ಅಬ್ಬಿ ಬತ್ತಿದ್ದನ್ನು ಅವರು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕಂಡಿರಲಿಲ್ಲ. ಅವರ ಅತ್ತೆ ಕಂಡದ್ದನ್ನು ಕೇಳಿಯೂ ಇರಲಿಲ್ಲ.

ಅದರ ಹಿಂದಿನ ವರ್ಷದ ಮಳೆಗಾಲ ಹೇಗಿತ್ತೆಂಬುದು ತಮಗೆ ಗೊತ್ತೇ ಇದೆ. 2023ರ ಆಗಸ್ಟ್, ದೇಶದಲ್ಲಿ 1901ರಿಂದ ಇಟ್ಟುಕೊಂಡು ಬಂದಿರುವ ಮಳೆಯ ದಾಖಲೆಯಲ್ಲಿ ಅತ್ಯಂತ ಒಣ ಆಗಸ್ಟ್ ಆಗಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಬಯಲುಸೀಮೆಯ ನೆಂಟರು ಫೋನು ಮಾಡಿ, ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಗೂ ಬರವೇ ಎಂದು ತಮಾಷೆ ಮಾಡಿದರು. ಆ ಬೇಸಿಗೆಯಲ್ಲಿ ತಮ್ಮ ಆಡಳಿತ ಟ್ಯಾಂಕರ್ ಕಳುಹಿಸಿತು, ಖಾಸಗಿ ಕೊಳವೆಬಾವಿಗಳನ್ನು ಬಾಡಿಗೆಗೆ ಪಡೆಯಿತು, ಹೊಸ ಕೊಳವೆಬಾವಿಗಳನ್ನು ಕೊರೆಸಿತು. ಅದಕ್ಕೆ ನಾವು ಕೃತಜ್ಞರು. ಬಾಯಾರಿದವರಿಗೆ ನೀರು ಕೊಟ್ಟವರನ್ನು ದೂರುವುದು ನನ್ನ ಉದ್ದೇಶವಲ್ಲ. ನನ್ನ ತಕರಾರು ಇರುವುದು ಆ ಬೇಸಿಗೆಯ ಆಚೆಗೆ, ಮಳೆ ಬಂದ ಕೂಡಲೇ ಎಲ್ಲರೂ ಮರೆತುಬಿಟ್ಟ ಒಂದು ಲೆಕ್ಕದ ಬಗ್ಗೆ.

ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲ್ಲೂಕುಗಳನ್ನು ಅಂತರ್ಜಲದ ದೃಷ್ಟಿಯಿಂದ ‘ಸುರಕ್ಷಿತ’ ಎಂದು ವರ್ಗೀಕರಿಸಲಾಗಿದೆ. ಈ ವರ್ಗೀಕರಣ ಹೇಗೆ ಆಗುತ್ತದೆಂಬುದನ್ನು ತಮ್ಮ ಅಧಿಕಾರಿಗಳು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಇದನ್ನು ಓದುವ ರೈತರಿಗಾಗಿ ಹೇಳುತ್ತೇನೆ. ವರ್ಷದಲ್ಲಿ ಮತ್ತೆ ತುಂಬಿಕೊಳ್ಳುವ ಅಂತರ್ಜಲದಲ್ಲಿ ಎತ್ತಬಹುದಾದ ಪಾಲು ಎಷ್ಟು, ಅದರಲ್ಲಿ ನಾವು ಎತ್ತುತ್ತಿರುವುದು ಶೇಕಡ ಎಷ್ಟು ಎಂದು ನೋಡುತ್ತಾರೆ. ಅದು 70ರ ಒಳಗಿದ್ದರೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ಅದನ್ನೂ ಮೀರಿದರೆ ಅತಿಬಳಕೆ. ಕೋಲಾರದಂಥ ಬಯಲು ಜಿಲ್ಲೆಗೆ ಈ ಅಳತೆ ಸರಿಯಾಗಿಯೇ ಹೊಂದುತ್ತದೆ, ಏಕೆಂದರೆ ಅಲ್ಲಿ ಇಂಗಿದ ನೀರು ಬಹುಮಟ್ಟಿಗೆ ಇಂಗಿದಲ್ಲೇ ಇದ್ದು, ಯಾರಾದರೂ ಎತ್ತಿದರೆ ಮಾತ್ರ ಮೇಲೆ ಬರುತ್ತದೆ. ಮಲೆನಾಡಿನ ನೀರಿನ ಸ್ವಭಾವ ಬೇರೆ. ಇಲ್ಲಿ ಆಷಾಢದಲ್ಲಿ ಇಂಗಿದ ನೀರು ಯಾರೂ ಎತ್ತದಿದ್ದರೂ ಗುಡ್ಡದ ಬುಡದಿಂದ ತಾನಾಗಿ ಹೊರಟು, ಹಳ್ಳ ಸೇರಿ, ಶರಾವತಿಗೋ ವರದೆಗೋ ಹೋಗಿಬಿಡುತ್ತದೆ. ಲೆಕ್ಕದ ನಿಯಮದಲ್ಲಿ ಹೀಗೆ ತಾನಾಗಿ ಹರಿದುಹೋಗುವ ನೀರಿಗೆಂದು ಸಾಮಾನ್ಯವಾಗಿ ಬಿಡುವುದು ಶೇಕಡ ಐದೋ ಹತ್ತೋ. ಇನ್ನೊಂದು ಮಾತನ್ನು ಓದಿದಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ: ಶೇಕಡ 20ಕ್ಕಿಂತ ಹೆಚ್ಚು ಇಳಿಜಾರಿರುವ ಗುಡ್ಡಗಾಡನ್ನು ನೀರಿಂಗುವ ಪ್ರದೇಶವೆಂದು ಪರಿಗಣಿಸದೆ ಲೆಕ್ಕದಿಂದಲೇ ಕೈಬಿಡಲಾಗುತ್ತದೆ. ಅಂದರೆ ನಮ್ಮ ಅಬ್ಬಿ ಹುಟ್ಟುವ ಗುಡ್ಡವೇ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿ ಇಲ್ಲದ ಗುಡ್ಡದಲ್ಲಿ ಬತ್ತಿದ ಒರತೆ ಸರ್ಕಾರದ ಯಾವ ಅಂಕಿಯನ್ನೂ ಕೆಳಗಿಳಿಸುವುದಿಲ್ಲ. ತಾಲ್ಲೂಕು ಸುರಕ್ಷಿತವಾಗಿಯೇ ಇರುತ್ತದೆ.

ಈ ‘ಸುರಕ್ಷಿತ’ ಎಂಬ ಪದ ನಮ್ಮನ್ನು ಎರಡು ಕಡೆಯಿಂದ ಹೊಡೆಯುತ್ತಿದೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಮುಂಚಿತ ಅನುಮತಿ ಕಡ್ಡಾಯ. ಸುರಕ್ಷಿತವೆನಿಸಿಕೊಂಡ ಊರಿಗೆ ಆ ತಡೆಯಿಲ್ಲ. ಅಂತರ್ಜಲ ಸುಧಾರಣೆಗೆ ಬರುವ ದೊಡ್ಡ ಯೋಜನೆಗಳೋ, ಸಹಜವಾಗಿಯೇ, ಅತಿಬಳಕೆಯ ತಾಲ್ಲೂಕುಗಳನ್ನು ಹುಡುಕಿಕೊಂಡು ಹೋಗುತ್ತವೆ. 2019ರಲ್ಲಿ ಏಳು ರಾಜ್ಯಗಳಿಗೆಂದು ಆರಂಭವಾದ ಅಟಲ್ ಭೂಜಲ ಯೋಜನೆಯ ಗುರಿಯೂ ನೀರಿನ ಒತ್ತಡವಿರುವ ಪ್ರದೇಶಗಳೇ ಆಗಿದ್ದವು. ಹೀಗಾಗಿ ಕೊರೆಯುವುದಕ್ಕೆ ನಮಗೆ ಅಡ್ಡಿಯೂ ಇಲ್ಲ, ಉಳಿಸುವುದಕ್ಕೆ ನೆರವೂ ಇಲ್ಲ.

ಗುಡ್ಡದೊಳಗೆ ನೀರು ಹೇಗೆ ನಿಲ್ಲುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಭಾಗದ ಬಹುಪಾಲು ಗುಡ್ಡಗಳ ತಲೆಯ ಮೇಲೆ ಜಂಬಿಟ್ಟಿಗೆ ಕಲ್ಲಿನ ಹೊದಿಕೆಯಿದೆ. ಜೇನುಗೂಡಿನ ಹಾಗೆ ತೂತುತೂತಾದ ಈ ಕಲ್ಲು ಮಳೆಯನ್ನು ಗಬಗಬನೆ ಕುಡಿಯುತ್ತದೆ. ಅದರ ಕೆಳಗೆ ಶೇಡಿ ಎಂಬ ನುಣುಪು ಜೇಡಿಮಣ್ಣಿನ ಪದರವಿದ್ದು, ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಮೇಲಿನಿಂದ ಇಳಿದ ನೀರು ಈ ಎರಡರ ಸಂದಿನಲ್ಲಿ ಮೆಲ್ಲಗೆ ಸರಿಯುತ್ತ ಹೋಗಿ, ಗುಡ್ಡದ ಮೈ ಎಲ್ಲಿ ಆ ಸಂದನ್ನು ಕತ್ತರಿಸುತ್ತದೋ ಅಲ್ಲಿ ಜಲದ ಕಣ್ಣು ತೆರೆಯುತ್ತದೆ. ಪುನರ್ವಸು, ಪುಷ್ಯ ಮಳೆಗಳು ಜಡಿದು ಹಿಡಿದಾಗ ತೋಟದಲ್ಲಿ, ಕೊಟ್ಟಿಗೆಯಲ್ಲಿ, ಕೆಲವೊಮ್ಮೆ ಅಡುಗೆಮನೆಯ ನೆಲದಲ್ಲೂ ಜಲ ಏಳುವುದು ಇದೇ ಕಾರಣಕ್ಕೆ. ಶೇಡಿಯ ಕೆಳಗೆ ಕೊಳೆತ ಬಂಡೆ, ಅದರ ಕೆಳಗೆ ಗಟ್ಟಿ ಬಂಡೆ. ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ; ಬೋರ್ ಕೊರೆಯುವವರು ‘ಗ್ಯಾಪ್ ಸಿಕ್ಕಿತು’ ಎನ್ನುವುದು ಆ ಬಿರುಕಿಗೆ. ನಮ್ಮ ಅಬ್ಬಿಯ ನೀರು ಮೇಲಿನ ಪದರದ್ದು, ಬೋರಿನ ನೀರು ಕೆಳಗಿನ ಪದರದ್ದು. ಇವೆರಡಕ್ಕೂ ಸಂಬಂಧವಿಲ್ಲವೆಂದು ಪಾಯಿಂಟ್ ನೋಡುವವರು ಹೇಳುತ್ತಾರೆ. ಕೇಸಿಂಗ್ ಪೈಪನ್ನು ಗಟ್ಟಿ ಬಂಡೆಯವರೆಗೆ ಇಳಿಸಿ, ಅದರ ಸುತ್ತಲಿನ ಸಂದನ್ನು ಭದ್ರವಾಗಿ ಮುಚ್ಚಿದ್ದರೆ ಆ ಮಾತಿನಲ್ಲಿ ಸ್ವಲ್ಪ ಸತ್ಯವಿರುತ್ತಿತ್ತು. ಆದರೆ ಕೇಸಿಂಗಿಗೆ ಅಡಿ ಲೆಕ್ಕದಲ್ಲಿ ದುಡ್ಡು. ಮಣ್ಣು ಕುಸಿಯದಷ್ಟು ಇಳಿಸಿ ನಿಲ್ಲಿಸಿಬಿಡುತ್ತೇವೆ. ಆಗ ಆ ಆರೂವರೆ ಇಂಚಿನ ತೂತು ಬಾನಿಯ ತಳಕ್ಕೆ ಹೊಡೆದ ತೂತಿನಂತೆ ಕೆಲಸ ಮಾಡುತ್ತದೆ. ಒಳಗೆ ಕಲ್ಲೆಸೆದು ಕಿವಿಗೊಟ್ಟರೆ, ಮೇಲಿನ ಪದರದ ನೀರು ಕತ್ತಲಲ್ಲಿ ಜಿನುಗಿ ಕೆಳಗೆ ಬೀಳುವ ಸದ್ದು ಕೇಳಿಸುವ ಬೋರುಗಳು ನಮ್ಮೂರಲ್ಲೇ ಎರಡಿದ್ದವು.

ಅವುಗಳಲ್ಲಿ ಒಂದು ನನ್ನದು. ನಾನು ಮೊದಲ ಬೋರ್ ಕೊರೆಸಿದ್ದು 2004ರಲ್ಲಿ, 280 ಅಡಿ, ಎರಡು ಇಂಚು ನೀರು. ಎರಡನೆಯದು 2017ರಲ್ಲಿ, 420 ಅಡಿ, ಧೂಳು. ಆ ಧೂಳಿನ ತೂತು ಅಬ್ಬಿಯಿಂದ ಇನ್ನೂರು ಹೆಜ್ಜೆ ಮೇಲಿದೆ. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಲಾರಿಯೊಂದು ಬೆಳಗಿನ ಜಾವ ಬಂದು, ಸಂಜೆಯೊಳಗೆ ಕೊರೆದು, ಹಣ ಎಣಿಸಿಕೊಂಡು ಹೋಯಿತು; ಮುಚ್ಚಳ ಹಾಕಿದ್ದು ಬಿಟ್ಟರೆ ನಾನು ಮತ್ತೇನೂ ಮಾಡಲಿಲ್ಲ. ಅದಾದ ಎರಡು ವರ್ಷಕ್ಕೆ ಗುಡ್ಡದ ಆಚೆ ಮಗ್ಗುಲಲ್ಲಿ ಇನ್ನೊಬ್ಬರು ಆರುನೂರು ಅಡಿಗೆ ಹೋದರು. ಅಬ್ಬಿ ಬತ್ತಲು ನನ್ನ ತೂತು ಕಾರಣವೋ, ಅವರದೋ, 2023ರ ಮಳೆಯೋ, ಮೂರೂ ಕೂಡಿಯೋ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹೇಳಲಾಗದಿರುವುದೇ ಈ ಪತ್ರದ ಮೂಲ. ಇಪ್ಪತ್ತು ವರ್ಷಗಳಲ್ಲಿ ಯಾರಾದರೂ ಒಬ್ಬರು ತಿಂಗಳಿಗೊಮ್ಮೆ ಆ ಅಬ್ಬಿಯ ಹರಿವನ್ನು ಅಳೆದು ಬರೆದಿಟ್ಟಿದ್ದರೆ ಇವತ್ತು ಉತ್ತರ ಇರುತ್ತಿತ್ತು.

ನಮ್ಮ ಅಗತ್ಯ ಎಷ್ಟು ಬೆಳೆದಿದೆಯೆಂಬುದನ್ನೂ ಒಪ್ಪಿಕೊಳ್ಳಬೇಕು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 20 ಲೀಟರ್ ನೀರು ಬೇಕೆನ್ನುತ್ತಾರೆ. ಎಕರೆಗೆ 550 ಮರವೆಂದರೆ ದಿನಕ್ಕೆ 11,000 ಲೀಟರ್. ನೂರೈವತ್ತು ದಿನಕ್ಕೆ ಹದಿನಾರೂವರೆ ಲಕ್ಷ ಲೀಟರ್. ಹಳೆಯ ತೋಟಗಳು ಕಣಿವೆಯ ತಳದಲ್ಲಿ, ಒರತೆಯ ತಂಪಿನಲ್ಲಿ, ಬಸಿಗಾಲುವೆಗಳ ನಡುವೆ ಇದ್ದುದರಿಂದ ಅವಕ್ಕೆ ಬೇಸಿಗೆಯ ನೀರು ಇಷ್ಟೊಂದು ಬೇಕಾಗುತ್ತಿರಲಿಲ್ಲ; ತೋಟ ಕಟ್ಟಿದ ಹಿರಿಯರು ನೀರಿದ್ದಲ್ಲಿಗೆ ಅಡಿಕೆಯನ್ನು ಒಯ್ದರು. ಅಡಿಕೆಗೆ ಬೆಲೆ ಬಂದ ಮೇಲೆ ನಾವು ಅಡಿಕೆ ಇದ್ದಲ್ಲಿಗೆ ನೀರನ್ನು ಒಯ್ಯಲು ಹೊರಟೆವು. ಮಳೆಯನ್ನೇ ನಂಬಿದ ಮಕ್ಕಿ ಗದ್ದೆ, ಗುಡ್ಡದ ಓರೆ, ಹುಲ್ಲು ಬೆಳೆಯುವ ಬ್ಯಾಣ ಎಲ್ಲವೂ ತೋಟವಾಯಿತು. ಗದ್ದೆ ತೋಟವಾದಾಗ ಆಗುವ ನಷ್ಟ ಎರಡು ಬಗೆಯದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬದುವಿನೊಳಗೆ ನೀರು ಕಟ್ಟಿಕೊಂಡು ನಿಲ್ಲುತ್ತಿದ್ದ, ಮೆಲ್ಲಗೆ ಕೆಳಗಿಳಿಸುತ್ತಿದ್ದ ಜಾಗದಲ್ಲಿ ಈಗ ಮೂರಡಿ ಆಳದ ಬಸಿಗಾಲುವೆ ತೋಡಿ ಅದೇ ನೀರನ್ನು ಒಂದೇ ದಿನದಲ್ಲಿ ಹಳ್ಳಕ್ಕೆ ಅಟ್ಟುತ್ತೇವೆ. ಬೇಸಿಗೆ ಬಂದರೆ ಅದೇ ನೆಲಕ್ಕೆ ಬೋರಿನಿಂದ ನೀರೆತ್ತುತ್ತೇವೆ. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ವಿದ್ಯುತ್ ಉಚಿತವಾದ್ದರಿಂದ ಎಷ್ಟು ಎತ್ತಿದೆವೆಂಬುದು ನಮ್ಮ ಜೇಬಿಗೂ ತಿಳಿಯುವುದಿಲ್ಲ. ಉಚಿತ ವಿದ್ಯುತ್ ನಿಲ್ಲಿಸಿ ಎಂದು ಬರೆಯುವ ಧೈರ್ಯ ನನಗಿಲ್ಲ, ನಾನೂ ಅದರ ಫಲಾನುಭವಿಯೇ. ಆದರೆ ಅಳತೆಯಾದರೂ ಇರಲಿ ಎನ್ನಬಲ್ಲೆ.

ಇದರ ಎದುರಿಗೆ ಆಕಾಶದಿಂದ ಬೀಳುವ ನೀರಿನ ಲೆಕ್ಕವನ್ನಿಡಿ. 2,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದು ಎಕರೆಗೆ ವರ್ಷಕ್ಕೆ ಬೀಳುವ ನೀರು ಒಂದು ಕೋಟಿ ಲೀಟರ್. ಎಕರೆ ತೋಟದ ಬೇಸಿಗೆಯ ಅಗತ್ಯ ಅದರ ಆರನೆಯ ಒಂದು ಪಾಲು. ಕೊರತೆ ಇರುವುದು ಮಳೆಯಲ್ಲಿ ಅಲ್ಲ, ಜೂನ್‌ನ ನೀರನ್ನು ಏಪ್ರಿಲ್‌ವರೆಗೆ ಗುಡ್ಡದೊಳಗೆ ತಡೆದು ಹಿಡಿಯುವುದರಲ್ಲಿ. ತಡೆದು ಹಿಡಿಯುವ ಆ ಕೆಲಸವನ್ನು ಇಷ್ಟು ಕಾಲ ಸಂಬಳವಿಲ್ಲದೆ ಮಾಡುತ್ತಿದ್ದುದು ಕಾಡು.

ನಮ್ಮ ಭಾಗದ ಕಾನುಗಳ ಬಗ್ಗೆ ಬ್ರಿಟಿಷರ ಕಾಲದಲ್ಲೇ ದಾಖಲೆಗಳಿವೆ. ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ಜಂಟಿ ವರದಿ ಬರೆದಿದ್ದರು. ಕಾನು ಎಂದರೆ ದೇವರು, ಮೆಣಸು, ಬೈನೆ, ನೀರು ಎಲ್ಲವೂ ಸೇರಿದ ನಿತ್ಯಹರಿದ್ವರ್ಣದ ಕಾಡು. ಊರಿನ ಹಳ್ಳ ಹುಟ್ಟುವುದು ಸಾಮಾನ್ಯವಾಗಿ ಅದರ ಹೊಟ್ಟೆಯಲ್ಲಿ. ಪಕ್ಕದ ಉತ್ತರ ಕನ್ನಡದ ಜಂಬಿಟ್ಟಿಗೆ ನೆಲದಲ್ಲಿ ವಿಜ್ಞಾನಿಗಳು ನೀರಿಂಗುವ ವೇಗವನ್ನು ಅಳೆದಾಗ ಸಹಜ ಕಾಡಿನ ನೆಲ ಎಲ್ಲಕ್ಕಿಂತ ಮುಂದೆ, ಅಕೇಶಿಯಾ ನೆಡುತೋಪು ಅದರ ಹಿಂದೆ, ಮೇಯ್ದು ತುಳಿದು ಬೋಳಾದ ನೆಲ ಎಲ್ಲಕ್ಕಿಂತ ಹಿಂದೆ ಎಂದು ಕಂಡುಬಂತು. ಇದರಲ್ಲಿ ಎರಡು ಪಾಠಗಳಿವೆಯೆಂದು ನನಗನ್ನಿಸುತ್ತದೆ. ಅಕೇಶಿಯಾವನ್ನು ಬೈದರೆ ಸಾಲದು, ಬೋಳು ಸೊಪ್ಪಿನಬೆಟ್ಟವನ್ನೂ ನೋಡಬೇಕು. ತೋಟಕ್ಕೆ ಸೊಪ್ಪು ಕಡಿಯುವ ಹಕ್ಕನ್ನು ಇಟ್ಟುಕೊಂಡು ಮರ ಬೆಳೆಸುವ ಹೊಣೆಯನ್ನು ಬಿಟ್ಟವರು ಅರಣ್ಯ ಇಲಾಖೆಯವರಲ್ಲ, ನಾವು. ಹಾಗೆಂದು ಒರತೆಯ ತಲೆಯ ಮೇಲಿನ ಜಾಗದಲ್ಲಿ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಕಡಿದು, ಯಂತ್ರ ಓಡಿಸಿ, ಮತ್ತೆ ಅದೇ ಒಂದು ಜಾತಿಯನ್ನು ನೆಡುವ ಪದ್ಧತಿ ಮುಂದುವರಿಯಬೇಕೆಂದು ಅರ್ಥವಲ್ಲ. ಇಡೀ ಜಿಲ್ಲೆಯ ನೆಡುತೋಪುಗಳನ್ನು ಒಂದೇ ಸಲ ಕಿತ್ತುಹಾಕಿ ಎಂದು ನಾನು ಕೇಳುತ್ತಿಲ್ಲ. ಕುಡಿಯುವ ನೀರಿನ ಒರತೆಗಳ ಮೇಲ್ಭಾಗದ ತುಂಡುಗಳನ್ನು ಗುರುತಿಸಿ, ಅಲ್ಲಿ ಮಾತ್ರವಾದರೂ ಮುಂದಿನ ಕಡಿತದ ನಂತರ ಸಹಜ ಕಾಡಿಗೆ ಬಿಡಿ ಎಂದು ಕೇಳುತ್ತಿದ್ದೇನೆ.

ಕೆರೆಯ ವಿಷಯದಲ್ಲಿ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ, ಐದನೆಯ ಶತಮಾನದ್ದು, ಕದಂಬರ ವಂಶದ ಕಥೆಯನ್ನು ಹೇಳುವುದೇ ಕಾಕುಸ್ಥವರ್ಮ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುವ ನೆಪದಲ್ಲಿ. ಕೆರೆಗಳ ಹೂಳೆತ್ತುವುದಕ್ಕೆ ಯೋಜನೆಗಳಿವೆ, ಜನರ ಉತ್ಸಾಹವೂ ಇದೆ, ಜೆಸಿಬಿಯ ಫೋಟೋ ಪತ್ರಿಕೆಯಲ್ಲಿ ಚೆನ್ನಾಗಿಯೂ ಬರುತ್ತದೆ. ಒರತೆಗೆ ಫೋಟೋ ಬರುವುದಿಲ್ಲ. ವರದೆ ಹುಟ್ಟುವ ವರದಾಮೂಲ, ಶರಾವತಿ ಹುಟ್ಟುವ ಅಂಬುತೀರ್ಥ, ಹುಂಚದ ಮುತ್ತಿನಕೆರೆ, ಇಂಥ ಹೆಸರಾದ ಜಲಗಳಿಗೆ ಪೂಜೆಯೂ ರಕ್ಷಣೆಯೂ ಸಿಗುತ್ತವೆ. ಹೆಸರಿಲ್ಲದ ಸಾವಿರಾರು ಒರತೆಗಳ ಪೈಕಿ ನಮ್ಮ ಹಳ್ಳಿಯಲ್ಲೇ ಹನ್ನೊಂದನ್ನು ನಾನು ಎಣಿಸಿದ್ದೇನೆ, ಅವುಗಳಲ್ಲಿ ಏಪ್ರಿಲ್ ದಾಟುವವು ಈಗ ನಾಲ್ಕು.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ. ಮೊದಲನೆಯದಕ್ಕೆ ಹೊಸ ಕಾನೂನು ಬೇಕಿಲ್ಲ. ಕುಡಿಯುವ ನೀರಿನ ಮೂಲಗಳನ್ನು ರಕ್ಷಿಸಲೆಂದೇ 1999ರ ಒಂದು ಅಂತರ್ಜಲ ಕಾಯ್ದೆ ರಾಜ್ಯದಲ್ಲಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲವೆಂದು ಅದು ಹೇಳುತ್ತದೆ. ತಾಲ್ಲೂಕು ಸುರಕ್ಷಿತವೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಮಲೆನಾಡಿನಲ್ಲಿ ಪಂಚಾಯಿತಿಗಳು ಎಷ್ಟೋ ಕೇರಿಗಳಿಗೆ ನೀರು ಕೊಡುತ್ತಿರುವುದು ಒರತೆಗೆ ಕಟ್ಟಿದ ತೊಟ್ಟಿಯಿಂದ. ಅಂಥ ಒರತೆಗಳನ್ನೆಲ್ಲ ಆ ಕಾಯ್ದೆಯ ರಕ್ಷಣೆಯೊಳಗೆ ತರಲು ಅಗತ್ಯವಾದ ಆದೇಶ ಅಥವಾ ಶಿಫಾರಸನ್ನು ತಾವು ಮಾಡಬೇಕು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಒರತೆಯ ಸುತ್ತ ಐನೂರು ಮೀಟರಿನ ವೃತ್ತ ಎಳೆದರೆ ಅದು ಆರಂಭವಷ್ಟೇ. ಒರತೆಗೆ ನೀರುಣಿಸುವ ಜಾಗ ದುಂಡಗಿರುವುದಿಲ್ಲ. ಬಂಡೆಯ ಪದರ ಯಾವ ಕಡೆಗೆ ವಾಲಿದೆಯೋ ಅದನ್ನು ಅವಲಂಬಿಸಿ ಅದು ಗುಡ್ಡದ ಆಚೆ ಮಗ್ಗುಲಲ್ಲೂ, ಪಕ್ಕದ ಪಂಚಾಯಿತಿಯಲ್ಲೂ ಇರಬಹುದು. ಕೇಂದ್ರ ಅಂತರ್ಜಲ ಮಂಡಳಿ ದೇಶದ ಜಲಧರಗಳ, ಅಂದರೆ ನೀರು ಹಿಡಿದಿಟ್ಟುಕೊಳ್ಳುವ ಭೂಪದರಗಳ, ನಕ್ಷೆ ಮಾಡಿದೆ ನಿಜ, ಆದರೆ ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ನಕ್ಷೆಯಲ್ಲಿ ಅರ್ಧ ಕಿಲೋಮೀಟರ್ ಎಂದರೆ ಒಂದು ಸೆಂಟಿಮೀಟರ್. ನಮ್ಮ ಗುಡ್ಡ ಅದರಲ್ಲಿ ಹೆಬ್ಬೆರಳಿನ ಉಗುರಿನಷ್ಟು. ಆದ್ದರಿಂದ ಒರತೆಯ ಗುಡ್ಡವನ್ನು ನಡೆದು ನೋಡಿಯೇ ಗುರುತಿಸಬೇಕು, ಭೂವಿಜ್ಞಾನಿಯೊಬ್ಬರು ಜೊತೆಗಿರಬೇಕು.

ಇದು ಆಗದ ಕೆಲಸವೇನಲ್ಲ. ಸಿಕ್ಕಿಂ ಸರ್ಕಾರ 2008ರಲ್ಲಿ ಧಾರಾ ವಿಕಾಸ ಎಂಬ ಹೆಸರಿನಲ್ಲಿ ಆರಂಭಿಸಿದ್ದು ಇದನ್ನೇ. ಬತ್ತುತ್ತಿರುವ ಒರತೆಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನೀರುಣಿಸುವ ಇಳಿಜಾರು ಯಾವುದೆಂದು ಭೂವಿಜ್ಞಾನದ ನೆರವಿನಿಂದ ಗುರುತಿಸಿ, ಉದ್ಯೋಗ ಖಾತರಿಯ ಹಣದಲ್ಲಿ ಅಲ್ಲಿ ಇಂಗಿಸುವ ಕೆಲಸ ಮಾಡಿದರು. ಹಳ್ಳಿಯ ಯುವಕರಿಗೇ ತರಬೇತಿ ಕೊಟ್ಟು ಅಳತೆಗೆ ನಿಲ್ಲಿಸಿದರು. 2018ರಲ್ಲಿ ನೀತಿ ಆಯೋಗ ಹಿಮಾಲಯದ ಒರತೆಗಳ ಬಗ್ಗೆ ವರದಿ ತಂದಾಗ ಈ ಅನುಭವವನ್ನು ಮುಂದಿಟ್ಟಿತು; ದೇಶದಲ್ಲಿ ಸುಮಾರು 50 ಲಕ್ಷ ಒರತೆಗಳಿದ್ದು, ಅವುಗಳಲ್ಲಿ 30 ಲಕ್ಷದಷ್ಟು ಹಿಮಾಲಯದಲ್ಲೇ ಇವೆಯೆಂಬ ಅಂದಾಜೂ ಅದರಲ್ಲಿದೆ. ಉಳಿದ 20 ಲಕ್ಷದಲ್ಲಿ ಪಶ್ಚಿಮಘಟ್ಟದ ಪಾಲು ಸಣ್ಣದಾಗಿರಲಾರದು. ಈಗ ಕೇಂದ್ರ ಜಲಶಕ್ತಿ ಸಚಿವಾಲಯ ಸಣ್ಣ ನೀರಾವರಿ ಗಣತಿಯ ಜೊತೆಗೆ ಒರತೆಗಳ ಮೊದಲ ಗಣತಿಯನ್ನೂ ಕೈಗೆತ್ತಿಕೊಂಡಿದೆ. ಗಣತಿಯವರು ಬಂದಾಗ ರಸ್ತೆ ಬದಿಯ ಬೋರುಗಳನ್ನಷ್ಟೇ ಬರೆದುಕೊಂಡು ಹೋಗದಂತೆ ನೋಡಿಕೊಳ್ಳುವುದು ತಮ್ಮ ಕೈಯಲ್ಲಿದೆ.

ಅಳತೆಗೆ ಬೇಕಾದ ಸಾಮಾನು ಹತ್ತು ಲೀಟರಿನ ಬಕೆಟ್ಟು, ಒಂದು ಮೊಬೈಲ್ ಫೋನು. ಬಕೆಟ್ಟು ತುಂಬಲು ಇಪ್ಪತ್ತು ಸೆಕೆಂಡು ಹಿಡಿದರೆ ಆ ಒರತೆಯ ಹರಿವು ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕೆನ್ನುತ್ತದೆ. ಆ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡಿನ ಒರತೆಯೊಂದು 785 ಜನರಿಗೆ ಸಾಕು, ಮೋಟಾರಿಲ್ಲದೆ, ಕರೆಂಟಿಲ್ಲದೆ, ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದಾಗಲೂ. ಮನೆಮನೆಗೆ ಹಾಕಿದ ನಲ್ಲಿಗೆ ಬೋರಿನ ನೀರನ್ನು ಜೋಡಿಸುವ ಮೊದಲು ಇಂಥ ಒರತೆ ಹತ್ತಿರದಲ್ಲಿದೆಯೇ ಎಂದು ನೋಡುವ ಪದ್ಧತಿ ಬರಲಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಒರತೆ ಪುಸ್ತಕವಿರಲಿ: ಯಾವ ಒರತೆ, ಯಾರ ಜಾಗದಲ್ಲಿ, ಎಷ್ಟು ಮನೆಗೆ, ಈ ತಿಂಗಳ ಹರಿವು ಎಷ್ಟು. ನೀರುಗಂಟಿಗಳಿಗೆ ತಿಂಗಳಿಗೊಂದು ದಿನದ ಹೆಚ್ಚುವರಿ ಕೂಲಿ ಕೊಟ್ಟರೆ ಈ ಕೆಲಸ ಆಗುತ್ತದೆ. ಡಿಸೆಂಬರಿನಲ್ಲೇ ಹರಿವು ಕಳೆದ ವರ್ಷಕ್ಕಿಂತ ಅರ್ಧಕ್ಕಿಳಿದಿದ್ದರೆ ಮಾರ್ಚಿಗೆ ಎಲ್ಲಿ ಟ್ಯಾಂಕರ್ ಬೇಕಾಗುತ್ತದೆಂದು ತಮಗೆ ಮೂರು ತಿಂಗಳು ಮುಂಚೆಯೇ ಗೊತ್ತಾಗುತ್ತದೆ.

ಕೊಳವೆಬಾವಿಯ ವಿಷಯದಲ್ಲಿ ನಿಷೇಧ ಕೇಳುತ್ತಿಲ್ಲ. ನಿಷೇಧವಾದರೆ ಕೊರೆತ ರಾತ್ರಿಗೆ ಬದಲಾಗುತ್ತದೆ, ಅಷ್ಟೇ. ಕೊರೆಯುವ ಲಾರಿಗಳು ನೋಂದಣಿಯಾಗಬೇಕೆಂಬ ನಿಯಮ ಈಗಾಗಲೇ ಇದೆ. ಅದರ ಜೊತೆಗೆ, ಜಂಬಿಟ್ಟಿಗೆ ಮತ್ತು ಶೇಡಿಯ ಪದರವನ್ನು ದಾಟುವವರೆಗೆ ಕೇಸಿಂಗ್ ಇಳಿಸಿ ಹೊರಸಂದನ್ನು ಸಿಮೆಂಟಿನಿಂದ ಮುಚ್ಚಬೇಕೆಂಬ ಷರತ್ತನ್ನು ಲಾರಿಯ ಮಾಲೀಕರ ಮೇಲೆ ಹಾಕಿ. ರೈತನ ಮೇಲೆ ಹಾಕಿದರೆ ಉಳಿತಾಯದ ಆಸೆ ಗೆಲ್ಲುತ್ತದೆ. ವಿಫಲವಾದ ಬೋರುಗಳಿಗೆ ಮುಚ್ಚಳ ಹಾಕಿಸುವುದು ಮಕ್ಕಳ ಜೀವದ ದೃಷ್ಟಿಯಿಂದ ನಡೆಯುತ್ತಿದೆ, ಅದು ಆಗಲೇಬೇಕು. ಒರತೆಯ ದೃಷ್ಟಿಯಿಂದ ಮುಚ್ಚಳ ಸಾಲದು. ತಳದಿಂದ ಮೇಲಿನವರೆಗೆ ಜೇಡಿಮಣ್ಣು ಮತ್ತು ಕಲ್ಲುಪುಡಿ ತುಂಬಿ ಜಡಿಯಬೇಕು.

ಇಂಗುಗುಂಡಿಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಇದನ್ನು ಓದಿ ಯಾರಾದರೂ ಉತ್ಸಾಹದಿಂದ ನಾಳೆಯೇ ಗುಡ್ಡಕ್ಕೆ ಯಂತ್ರ ಹತ್ತಿಸಬಹುದು. ಆರುನೂರು ಮಿಲಿಮೀಟರ್ ಮಳೆಯ ಬಯಲುಸೀಮೆಗೆಂದು ಹೇಳಿದ ಅಳತೆಯ ಸಮಪಾತಳಿ ಕಾಲುವೆಯನ್ನು, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಕಾಲುವೆಯನ್ನು, ಮೂರು ಸಾವಿರ ಮಿಲಿಮೀಟರಿನ ಕಡಿದಾದ ಇಳಿಜಾರಿನಲ್ಲಿ ತೋಡುವುದು ಅಪಾಯ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನಾವು ನೋಡಿದ್ದೇವೆ. ಶೇಡಿಯ ಮೇಲೆ ಕೂತ ಮಣ್ಣಿಗೆ ಅತಿಯಾಗಿ ನೀರು ಕುಡಿಸಿದರೆ ಅದು ಕೂತಲ್ಲಿ ಕೂರುವುದಿಲ್ಲ. ಮನೆಯ ಮೇಲ್ಭಾಗದಲ್ಲಿ, ಹೊಸದಾಗಿ ಕಡಿದ ರಸ್ತೆಯ ತಲೆಯಲ್ಲಿ ಗುಂಡಿ ತೋಡಲೇಬಾರದು. ಗುಡ್ಡದ ನೆತ್ತಿಯ ಸಪಾಟು ಜಾಗದಲ್ಲಿ, ಹಳೆಯ ಮದಗಗಳಲ್ಲಿ, ಬೇಲಿಯ ಅಗಳಗಳೆಂಬ ಕಂದಕಗಳನ್ನು ನಡುನಡುವೆ ತಡೆದು ನಿಲ್ಲಿಸುವುದರಲ್ಲಿ ಮಾಡಬಹುದಾದದ್ದು ಬಹಳ ಇದೆ. ಗುರಿ ಪೂರೈಸಲು ‘ತಾಲ್ಲೂಕಿಗೆ ಇಷ್ಟು ಸಾವಿರ ಗುಂಡಿ’ ಎಂಬ ಸುತ್ತೋಲೆಯನ್ನು ಮಾತ್ರ ದಯವಿಟ್ಟು ಹೊರಡಿಸಬೇಡಿ. ಗುಂಡಿಗಳ ಸಂಖ್ಯೆಯನ್ನು ಎಣಿಸುವ ಬದಲು ಒರತೆಯ ಏಪ್ರಿಲ್ ತಿಂಗಳ ಹರಿವನ್ನು ಎಣಿಸಿ.

ನನ್ನ ಊರಿನವರಿಗೆ, ಸುತ್ತಲಿನ ಬೆಳೆಗಾರರಿಗೆ ಹೇಳುವುದು ಇಷ್ಟು. ನಮ್ಮ ಜಾಗದ ಕೆಳಗಿನ ನೀರು ನಮ್ಮದೆಂದು ನಾವು ನಂಬಿಕೊಂಡಿರುವ ತತ್ತ್ವ 1882ರ ಒಂದು ಕಾಯ್ದೆಯಿಂದ ಬಂದದ್ದು. ನೀರಿಗೆ ಆ ಕಾಯ್ದೆ ಗೊತ್ತಿಲ್ಲ. ನನ್ನ ಗುಡ್ಡದಲ್ಲಿ ನಾನು ಕೊರೆದರೆ ಕೇಳುವವರು ಯಾರೆಂದು ಹೇಳಿದ ನಾನೇ, ಆಚೆ ಮಗ್ಗುಲಿನವರು ಕೊರೆದಾಗ ಬೇಲಿಯ ಬಳಿ ನಿಂತು ಜಗಳವಾಡಿದೆ. ಆ ಮನೆಗೂ ನಮಗೂ ವರ್ಷಗಟ್ಟಲೆ ಮಾತಿರಲಿಲ್ಲ. ಅಬ್ಬಿ ಬತ್ತಿದ ಬೇಸಿಗೆಯಲ್ಲಿ, ಅವರ ಆರುನೂರು ಅಡಿಯ ಬೋರೂ ಗಾಳಿ ಉಗುಳತೊಡಗಿದ ಮೇಲೆ, ಇಬ್ಬರೂ ಒಂದೇ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಾಗ ಮಾತು ಮತ್ತೆ ಶುರುವಾಯಿತು. ಆ ವರ್ಷದ ಭೂಮಿ ಹುಣ್ಣಿಮೆಯ ಮಾರನೆಯ ದಿನ ಇಬ್ಬರೂ ಸೇರಿ ನನ್ನ ಧೂಳಿನ ಬೋರನ್ನು ತಳದಿಂದ ತುಂಬಿಸಿ ಮುಚ್ಚಿದೆವು. ಗುಡ್ಡದ ನೆತ್ತಿಯ ನಾಲ್ಕು ಎಕರೆ ಬೆಟ್ಟಕ್ಕೆ ದನ ಬಿಡುವುದನ್ನೂ ಸೊಪ್ಪು ಕಡಿಯುವುದನ್ನೂ ನಿಲ್ಲಿಸಿದ್ದೇವೆ. ಇದರಿಂದ ಏನಾಯಿತೆಂದು ಈಗಲೇ ಹೇಳುವುದು ಅವಸರ. 2024ರ ಮಳೆಗಾಲ ಚೆನ್ನಾಗಿದ್ದುದರಿಂದ ಅಬ್ಬಿ ಮತ್ತೆ ಹರಿಯಿತು. ಅದರಲ್ಲಿ ನಮ್ಮ ಪಾಲೆಷ್ಟು, ಮಳೆಯ ಪಾಲೆಷ್ಟು ಎಂಬುದು ಇನ್ನೊಂದು ಬರಗಾಲ ಬಂದಾಗಲೇ ಗೊತ್ತಾಗುವುದು.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ನಾನು ಬಕೆಟ್ಟು ಹಿಡಿದು ಹೋಗಿ ಹರಿವನ್ನು ಅಳೆದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಮಳೆಮಾಪಕದ ಅಂಕಿಗಳೂ ಪಕ್ಕದಲ್ಲೇ ಇವೆ. ಅದರ ನಕಲನ್ನು ತಮ್ಮ ಕಚೇರಿಗೂ ಜಿಲ್ಲೆಯ ಅಂತರ್ಜಲ ಕಚೇರಿಗೂ ಕೊಡಲು ಸಿದ್ಧನಿದ್ದೇನೆ. ತಾವಾಗಲಿ, ತಮ್ಮ ಭೂವಿಜ್ಞಾನಿಗಳಾಗಲಿ ಸ್ಥಳಕ್ಕೆ ಬರುವುದಾದರೆ ಎರಡು ಸಲ ಬರಬೇಕೆಂದು ವಿನಂತಿ, ಒಮ್ಮೆ ಆಗಸ್ಟಿನಲ್ಲಿ, ಒಮ್ಮೆ ಏಪ್ರಿಲ್ ಕೊನೆಗೆ. ಜೀಪು ದೇವಸ್ಥಾನದವರೆಗೆ ಬರುತ್ತದೆ, ಅಲ್ಲಿಂದ ಮುಕ್ಕಾಲು ಗಂಟೆಯ ನಡಿಗೆ. ಆಗಸ್ಟಿನಲ್ಲಿ ಬಂದರೆ ರಕ್ತ ಹೀರುವ ಉಂಬಳಕ್ಕೆ ಹಚ್ಚಲು ಸುಣ್ಣ ಮತ್ತು ಹೊಗೆಸೊಪ್ಪು ನಾನೇ ತಂದಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ